ಗೊಂಬೆಯನ್ನು ಬೀರುವಿನಿಂದ ಹೊರಗೆ ತೆಗೆಯಿರಿ

"ಎಷ್ಟ ಮಂದಿ ಕೈ ಹಾಕ್ತೀರಿ ಯವ್ವಾ? ಸಾಕ ಮಾಡ್ರಿ ಇನ್ನ."

ಇಂಡಿ ಕಡೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದ ಹುಡುಗಿ ಅಂದ ಮಾತಿದು. ನಾನಾಗ ನರ್ಸಿಂಗ್ ಓದುತ್ತಿದ್ದೆ. ಅವಳನ್ನು ಪರೀಕ್ಷೆ ಮಾಡಲು ನಿಂತಿದ್ದವರಲ್ಲಿ ಮೂರನೆಯವಳು. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ಬೆರಳಿನಲ್ಲೇ ನೋಡಿ ಹೇಳಬೇಕಿತ್ತು. ನನಗೆ ಏನೂ ತಿಳಿಯಲಿಲ್ಲ. ಬೆಚ್ಚಗೆ, ಮೆತ್ತಗೆ, ಅಷ್ಟೇ. ಹೆದರಿ 4 ಸೆಂ.ಮೀ. ಅಂದೆ. ಸಿಸ್ಟರ್ ಬಂದು ನೋಡಿದರೆ 8. ತಾಯಿ, ಮಗು ಇಬ್ಬರೂ ಆರಾಮಾಗಿ ಮನೆಗೆ ಹೋದರು. ಆದರೆ ಆ ಹುಡುಗಿ ಮಂಚದ ಸರಳು ಹಿಡಿದು ಗೋಡೆ ಕಡೆ ಮುಖ ತಿರುಗಿಸಿದ್ದು ಇವತ್ತಿಗೂ ಕಣ್ಣ ಮುಂದಿದೆ.

ನಮ್ಮ ಕಾಲೇಜಿನಲ್ಲಿ ಹೆರಿಗೆ ಕಲಿಸುವ ಗೊಂಬೆ ಇತ್ತು. ಬೀರುವಿನಲ್ಲಿ, ಪ್ಲಾಸ್ಟಿಕ್ ಕವರ್ ಸಮೇತ. ಇನ್‌ಸ್ಪೆಕ್ಷನ್ ದಿನ ಬೆಳಿಗ್ಗೆ ಹೊರಗೆ ಬರುತ್ತಿತ್ತು, ಸಂಜೆ ಮತ್ತೆ ಬೀಗ. ಹಾಳಾದರೆ ಯಾರು ತುಂಬಿಕೊಡಬೇಕು ಅನ್ನುವ ಭಯ.

ಈಗ ವಿಜಯಪುರದಲ್ಲಿ ನಾನೇ ಕಲಿಸುತ್ತೇನೆ. ನನ್ನ ಹಟ ಒಂದೇ. ಮೊದಲ ತಪ್ಪುಗಳೆಲ್ಲ ಗೊಂಬೆಯ ಮೇಲೆ ಆಗಿಹೋಗಲಿ, ಬ್ಯಾನಿ ತಿನ್ನುತ್ತಿರುವ ಹೆಣ್ಣುಮಗಳ ಮೇಲೆ ಬೇಡ.

ಈ ಪರೀಕ್ಷೆಯ ಕಷ್ಟವೇ ಬೇರೆ. ಇಂಜೆಕ್ಷನ್ ಕೊಡುವಾಗ ಸೂಜಿ ಎಲ್ಲಿ ಹೋಯಿತು ಅಂತ ಪಕ್ಕದಲ್ಲಿ ನಿಂತವರಿಗೂ ಕಾಣುತ್ತದೆ. ಇಲ್ಲಿ ಬೆರಳು ಏನನ್ನು ಮುಟ್ಟುತ್ತಿದೆ ಅಂತ ಟೀಚರ್‌ಗೆ ಕಾಣುವುದಿಲ್ಲ. ಹುಡುಗಿ "6" ಅಂದರೆ ಅದು ಸರಿಯೋ ತಪ್ಪೋ ತಿಳಿಯಲು ನಾನೂ ಕೈ ಹಾಕಲೇಬೇಕು. ಅಂದರೆ ಆ ತಾಯಿಗೆ ಇನ್ನೊಂದು ಸಲ ನೋವು. ಗೊಂಬೆಯಲ್ಲಾದರೆ ಅಳತೆ ನಾನೇ ಇಟ್ಟಿರುತ್ತೇನೆ. ಹತ್ತು ಸಲ ತಪ್ಪಿದರೂ ಹನ್ನೊಂದನೇ ಸಲ ನೋಡಬಹುದು.

"ಪೇಷಂಟ್ ಮೇಲೇ ಕಲೀಬೇಕು, ನಾವೆಲ್ಲ ಹಂಗೇ ಕಲ್ತಿದ್ದು" ಅನ್ನುವ ಹಿರಿಯರಿದ್ದಾರೆ. ಅವರ ಮೇಲೆ ಗೌರವವಿದೆ, ಆದರೆ ಒಪ್ಪಲಾರೆ. ಕುಂಬಳಕಾಯಿ, ಸೋರೆಕಾಯಿ ಕೊಯ್ದು ಕೈ ಪಳಗಿಸಿಕೊಳ್ಳಿ, ಬಟ್ಟೆ ಗೊಂಬೆಗೆ ಪಟ್ಟಿ ಕಟ್ಟಿ ಕಲಿಯಿರಿ ಅಂತ ಸುಶ್ರುತನೇ ಶಿಷ್ಯರಿಗೆ ಹೇಳಿದ್ದಾನೆ. ಫ್ರಾನ್ಸಿನಲ್ಲಿ ದು ಕೂದ್ರೇ ಅನ್ನುವ ಸೂಲಗಿತ್ತಿ ಬಟ್ಟೆ, ಚರ್ಮದಿಂದ ಹೆರಿಗೆ ಗೊಂಬೆ ಮಾಡಿಕೊಂಡಿದ್ದಳು. 1759ರಲ್ಲಿ ರಾಜ 15ನೇ ಲೂಯಿ ಅವಳಿಗೆ ಅಪ್ಪಣೆ ಕೊಟ್ಟ. ಊರೂರು ತಿರುಗಿ ಹಳ್ಳಿ ಹೆಣ್ಣುಮಕ್ಕಳಿಗೆ ಕಲಿಸಿದಳು. ಅವಳ ಗೊಂಬೆಯೊಂದು ರುವಾನ್ ಊರಿನ ಮ್ಯೂಸಿಯಂನಲ್ಲಿ ಇನ್ನೂ ಇದೆ. ಬಟ್ಟೆ ತುಂಡು ಸೇರಿಸಿ ಕೌದಿ ಹೊಲಿಯುವ ನಮ್ಮ ಊರುಗಳಲ್ಲಿ ಇದೇನು ದೊಡ್ಡ ಕೆಲಸವಾ?

ದುಬಾರಿ ಗೊಂಬೆ ಇಲ್ಲದಿದ್ದರೂ ಶುರು ಮಾಡಬಹುದು. ನಾನು ಬಳೆ ಡಬ್ಬಿ ಮಾಡಿಕೊಂಡಿದ್ದೇನೆ. ಒಂದು ರಟ್ಟಿನ ಡಬ್ಬಿ, ಬಾಯಿಗೆ ಹಳೇ ಇಳಕಲ್ ಸೀರೆ ತುಂಡು, ಒಳಗೆ ಅಲುಗದಂತೆ ಕಟ್ಟಿದ ಬಳೆ. ಮಕ್ಕಳ 1.8 ಸೈಜಿನ ಬಳೆ ಅಂದರೆ ಒಳಗಿನ ಅಗಲ ಸುಮಾರು 3.8 ಸೆಂ.ಮೀ. ದೊಡ್ಡವರ 2.4 ಅಂದರೆ ಸುಮಾರು 5.7. ಹುಡುಗಿಯರು ಕಣ್ಣು ಮುಚ್ಚಿ ಎರಡು ಬೆರಳು ಹಾಕಿ ಅಗಲಿಸುತ್ತಾರೆ. ಅದೇ ಅಗಲದಲ್ಲಿ ಕೈ ಹೊರಗೆ ತೆಗೆದು ಸ್ಕೇಲ್ ಮೇಲೆ ಇಡುತ್ತಾರೆ. ಎರಡು ಬಳೆಗಳ ನಡುವಿನ ಈ ವ್ಯತ್ಯಾಸ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ ಹಾಗೆ 5 ಸೆಂ.ಮೀ.ನಿಂದ ಹೆರಿಗೆಯ ಚುರುಕಿನ ಹಂತ ಶುರು. 4ಕ್ಕೂ 6ಕ್ಕೂ ಅದಲುಬದಲಾದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಗೊಂಬೆಗೆ ನೋವಾಗುವುದಿಲ್ಲ, ನಾಚಿಕೆಯೂ ಇಲ್ಲ. ಅದಕ್ಕೇ ಅದರ ತಲೆ ಹತ್ತಿರ ಒಬ್ಬಳನ್ನು ಕೂರಿಸುತ್ತೇನೆ. ಪೇಷಂಟ್ ಪರವಾಗಿ ಅವಳೇ ಮಾತಾಡಬೇಕು. ಕೇಳದೆ ಕೈ ಹಾಕಿದರೆ "ಬ್ಯಾಡ" ಅನ್ನಬೇಕು. ಆಗ ಗ್ಲೌಸ್ ತೆಗೆದು ಮೊದಲಿನಿಂದ ಶುರು.

ಹೋದ ವಾರ ಅದೇ ಹುಡುಗಿಯರಲ್ಲಿ ಒಬ್ಬಳನ್ನು ಲೇಬರ್ ರೂಮಿಗೆ ಕರೆದುಕೊಂಡು ಹೋಗಿದ್ದೆ. "ಅಕ್ಕಾ, ಈ ಬ್ಯಾನಿ ಹೋಗಲಿ, ಆಮ್ಯಾಲ ನೋಡ್ಲೇನ?" ಅಂತ ಕೇಳಿದಳು. ಕಾದಳು. ಒಂದೇ ಸಲ ನೋಡಿ 6 ಅಂದಳು. ಮುಂದಿನ ಪರೀಕ್ಷೆಯ ಹೊತ್ತಿನವರೆಗೂ ನಾನು ಕೈ ಹಾಕಲಿಲ್ಲ, ಹಾಕುವ ಅಗತ್ಯವೂ ಬೀಳಲಿಲ್ಲ.

ಟೀಚರ್ ಗೆಳತಿಯರೇ, ನಿಮ್ಮ ಲ್ಯಾಬ್ ಬೀರುವಿನ ಕೀ ಯಾರ ಹತ್ತಿರ ಇದೆ ಅಂತ ನಾಳೆಯೇ ಕೇಳಿ. ಬಳೆ ಡಬ್ಬಿ ಬೇಕಾದವರು ಕಾಮೆಂಟ್ ಮಾಡಿ, ಫೋಟೋ ಮತ್ತು ಅಳತೆ ಕಳಿಸುತ್ತೇನೆ.