ಗಂಟೆ ಬಾರಿಸಿದ್ದಾಯಿತಲ್ಲ, ಇನ್ನೇನು?

ಕನ್ನಡದಲ್ಲಿ ಗಂಟೆ ಎಂಬುದು ಲೋಹದ್ದೂ ಹೌದು, ಹೊತ್ತಿನದೂ ಹೌದು. ಬಾರಿಸುವ ವಸ್ತುವಿಗೂ ಅರವತ್ತು ನಿಮಿಷಕ್ಕೂ ಒಂದೇ ಹೆಸರಿಟ್ಟ ಹಿರಿಯರಿಗೆ, ಮುಂದೊಂದು ದಿನ ಸಮಿತಿ, ಉಪಸಮಿತಿಗಳು ಹುಟ್ಟಿಕೊಳ್ಳುತ್ತವೆ ಎಂಬ ಸುಳಿವು ಇತ್ತೋ ಇಲ್ಲವೋ ತಿಳಿಯದು. ಆದರೆ ‘ಗಂಟೆಗಟ್ಟಲೆ ಚರ್ಚೆ ನಡೆಯಿತು’ ಎಂಬ ವರದಿಯನ್ನು ಓದುವಾಗಲೆಲ್ಲ, ಆ ಚರ್ಚೆಯನ್ನು ಹೊತ್ತಿನಲ್ಲಿ ಅಳೆದರೋ ಸದ್ದಿನಲ್ಲಿ ಅಳೆದರೋ ಎಂಬ ಅನುಮಾನ ನನ್ನನ್ನು ಕಾಡುತ್ತದೆ. ಇದೇ ಗಂಟೆ ಮಹಾಪ್ರಾಣ ಪಡೆದು ‘ಘಂಟಾಘೋಷ’ವಾಯಿತೆಂದರೆ ಆಡಿದ ಮಾತಿಗೆ ಆಧಾರ ಕೇಳುವ ಧೈರ್ಯ ಯಾರಿಗೂ ಉಳಿಯುವುದಿಲ್ಲ. ಬಾಗಿಲಿಗೂ ಸೈಕಲ್ಲಿಗೂ ‘ಬೆಲ್ಲು’ ಸಾಕು. ಆದರೆ ಈ ಇಡೀ ಕುಲದಲ್ಲಿ ಇಂದು ಅತಿ ಹೆಚ್ಚು ಪೆಟ್ಟು ತಿನ್ನುತ್ತಿರುವುದು, ಯಾರೂ ಕಣ್ಣಾರೆ ಕಂಡಿರದ ‘ಎಚ್ಚರಿಕೆಯ ಗಂಟೆ’.

ಅಂತರ್ಜಲ ಇಳಿದರೆ ಎಚ್ಚರಿಕೆಯ ಗಂಟೆ, ಷೇರು ಬಿದ್ದರೆ ಎಚ್ಚರಿಕೆಯ ಗಂಟೆ, ತಂಡವೊಂದು ಸತತ ಎರಡು ಪಂದ್ಯ ಸೋತರೂ ಎಚ್ಚರಿಕೆಯ ಗಂಟೆ. ಆ ವಾಕ್ಯದ ವ್ಯಾಕರಣವನ್ನೊಮ್ಮೆ ಗಮನಿಸಬೇಕು: ಗಂಟೆ ‘ಮೊಳಗಿದೆ’. ಬಾರಿಸಿದವರು ಯಾರು, ಕೇಳಿಸಿಕೊಂಡವರು ಯಾರು, ಕೇಳಿಸಿಕೊಂಡವರು ಎದ್ದು ಎಲ್ಲಿಗೆ ಹೋದರು ಎಂಬ ಯಾವ ಪ್ರಶ್ನೆಗೂ ಎಡೆಗೊಡದಂತೆ ಗಂಟೆ ತನ್ನಷ್ಟಕ್ಕೆ ತಾನೇ ಮೊಳಗಿ, ತನ್ನಷ್ಟಕ್ಕೆ ತಾನೇ ಸುಮ್ಮನಾಗುತ್ತದೆ. ಹೋದ ವರ್ಷ ಮೊಳಗಿದ್ದು ‘ಕೊನೆಯ ಎಚ್ಚರಿಕೆಯ ಗಂಟೆ’ಯಾಗಿದ್ದರೆ, ಈ ವರ್ಷ ‘ಮತ್ತೊಂದು ಕೊನೆಯ ಎಚ್ಚರಿಕೆಯ ಗಂಟೆ’ ಮೊಳಗುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಗಂಟೆಯ ಜಾಯಮಾನ ಹಿಂದೆ ಹೀಗಿರಲಿಲ್ಲ. ಹಾಯಿಹಡಗುಗಳಲ್ಲಿ ಪಾಳಿಯ ಮೊದಲ ಅರ್ಧ ಗಂಟೆಗೆ ಒಂದು ಪೆಟ್ಟು, ಮುಂದಿನ ಪ್ರತಿ ಅರ್ಧ ಗಂಟೆಗೂ ಒಂದೊಂದು ಪೆಟ್ಟು ಹೆಚ್ಚು ಎಂಬ ಲೆಕ್ಕದಲ್ಲಿ, ನಾಲ್ಕು ಗಂಟೆಗಳ ಪಾಳಿ ಮುಗಿಯುವಾಗ ಎಂಟು ಪೆಟ್ಟು ಬೀಳುತ್ತಿದ್ದವು. ಎಂಟನೆಯದು ಬಿದ್ದೊಡನೆ ಕೆಳಗೆ ಮಲಗಿದ್ದವರು ಮೇಲೆ ಬರಬೇಕಿತ್ತು, ಮೇಲಿದ್ದವರು ಕೆಳಗಿಳಿಯುತ್ತಿದ್ದರು. 1799ರಲ್ಲಿ ಮುಳುಗಿದ ‘ಲ್ಯೂಟೀನ್’ ಎಂಬ ಯುದ್ಧನೌಕೆಯ ಗಂಟೆಯನ್ನು 1858ರಲ್ಲಿ ಸಮುದ್ರದಿಂದ ಮೇಲೆತ್ತಿ ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆಯಲ್ಲಿ ತೂಗುಹಾಕಿದರು. ತಡವಾಗಿರುವ ಹಡಗು ಮುಳುಗಿದೆಯೆಂದು ತಿಳಿದರೆ ಒಂದು ಪೆಟ್ಟು, ಸುರಕ್ಷಿತವಾಗಿದೆಯೆಂದರೆ ಎರಡು. ಸುದ್ದಿ ಎಲ್ಲರ ಕಿವಿಗೂ ಒಮ್ಮೆಗೇ ಬೀಳಬೇಕು, ಮೊದಲು ತಿಳಿದವನು ಲಾಭ ಮಾಡಿಕೊಳ್ಳಬಾರದು ಎಂಬುದು ಅದರ ಉದ್ದೇಶ. ಒಂದು, ಎರಡು, ಅಷ್ಟೇ. ಮೂರನೆಯ ಪೆಟ್ಟಿಗೆ ಅಲ್ಲಿ ಅರ್ಥವೇ ಇರಲಿಲ್ಲ.

ಹಾಗೆಂದು ಹಳೆಯ ಕಾಲವನ್ನು ವಿಪರೀತ ಹೊಗಳುವಂತೆಯೂ ಇಲ್ಲ. ಗಂಟೆಯ ನಾದಕ್ಕೆ ಸಿಡಿಲನ್ನು ಚದುರಿಸುವ ಶಕ್ತಿಯಿದೆ ಎಂಬ ನಂಬಿಕೆ ಯುರೋಪಿನಲ್ಲಿ ಶತಮಾನಗಳ ಕಾಲ ಗಟ್ಟಿಯಾಗಿತ್ತು. ‘ಮಿಂಚನ್ನು ಮುರಿಯುತ್ತೇನೆ’ ಎಂಬರ್ಥದ ಲ್ಯಾಟಿನ್ ಮಾತನ್ನು ಗಂಟೆಗಳ ಮೈಮೇಲೆಯೇ ಎರಕ ಹೊಯ್ಯುತ್ತಿದ್ದರು. ಆಕಾಶ ಗುಡುಗಿದೊಡನೆ ಒಬ್ಬನು ಓಡಿಹೋಗಿ, ಎಲ್ಲಕ್ಕಿಂತ ಎತ್ತರದ ಗೋಪುರದ ಕೆಳಗೆ ನಿಂತು, ನೆನೆದ ಹಗ್ಗವನ್ನು ಹಿಡಿದು ಜಗ್ಗಬೇಕು. ಸಿಡಿಲಿಗೆ ಇದಕ್ಕಿಂತ ಮರ್ಯಾದೆಯ ಆಹ್ವಾನ ಬೇರೆ ಯಾವುದಿದ್ದೀತು? ಹಗ್ಗ ಹಿಡಿದವರು ಸತ್ತರು, ಅವರ ಜಾಗಕ್ಕೆ ಬೇರೆಯವರು ಬಂದರು, ಗಂಟೆ ಮಾತ್ರ ನಿಲ್ಲಲಿಲ್ಲ. 1752ರ ಹೊತ್ತಿಗೆ ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ ಮಿಂಚುವಾಹಕವೆಂಬ ಕಬ್ಬಿಣದ ಕಡ್ಡಿ ತುಟಿಪಿಟಕ್ಕೆನ್ನದೆ ಆ ಕೆಲಸವನ್ನು ಮಾಡಿ ತೋರಿಸಿದ ಮೇಲೂ, ಕಡ್ಡಿಗಿಂತ ಗಂಟೆಯ ಮೇಲೆ ಭರವಸೆಯಿಟ್ಟವರು ಬಹುಕಾಲ ಉಳಿದಿದ್ದರು. ಸದ್ದು ಮಾಡದೆ ನಡೆಯುವ ಕೆಲಸವನ್ನು ಕೆಲಸವೆಂದು ಒಪ್ಪಿಕೊಳ್ಳುವುದು ಆಗಲೂ ಕಷ್ಟವಾಗಿತ್ತು.

ಸದ್ದೂ ಮಾಡದೆ, ಕೆಲಸವನ್ನೂ ಮಾಡದೆ ಕೀರ್ತಿ ಪಡೆದ ಗಂಟೆಯೂ ಒಂದುಂಟು. ಮಾಸ್ಕೋದ ಕ್ರೆಮ್ಲಿನ್ನಿನಲ್ಲಿರುವ ‘ತ್ಸಾರ್ ಗಂಟೆ’ಯ ತೂಕ ಸುಮಾರು 200 ಟನ್. 1735ರಲ್ಲಿ ಎರಕ ಹೊಯ್ದ ಅದನ್ನು ಗುಂಡಿಯಿಂದ ಮೇಲೆತ್ತುವ ಮೊದಲೇ 1737ರಲ್ಲಿ ಬೆಂಕಿ ಬಿತ್ತು; ಕಾದ ಲೋಹ ಬಿರುಕುಬಿಟ್ಟು ಸುಮಾರು 11 ಟನ್ ತೂಕದ ಚೂರೊಂದು ಕಳಚಿಕೊಂಡಿತು. ಬೆಂಕಿ ಬಿದ್ದಾಗ ಜನರನ್ನು ಎಬ್ಬಿಸುವುದು ಗಂಟೆಯ ಆದ್ಯ ಕರ್ತವ್ಯವೆಂದು ತಿಳಿದಿರುವ ನಮಗೆ, ಬೆಂಕಿಯಿಂದ ತನ್ನನ್ನೇ ಉಳಿಸಿಕೊಳ್ಳಲಾಗದ ಈ ಗಂಟೆಯ ಮೇಲೆ ಗೌರವ ಹುಟ್ಟುವುದು ಸ್ವಲ್ಪ ಕಷ್ಟವೇ. ಸುಮಾರು ನೂರು ವರ್ಷ ಗುಂಡಿಯಲ್ಲಿದ್ದ ಅದನ್ನು 1836ರಲ್ಲಿ ಮೇಲೆತ್ತಿ ಪೀಠದ ಮೇಲೆ ಕೂರಿಸಿದರು. ಒಮ್ಮೆಯೂ ಬಾರಿಸದ ಗಂಟೆಯ ಮುಂದೆ ಜನ ಇಂದಿಗೂ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ.

ನಾಲಗೆಯೇ ಇಲ್ಲದ ಗಂಟೆಗಳೂ ಈಗ ಚಲಾವಣೆಯಲ್ಲಿವೆ. ಮೊಬೈಲ್ ಪರದೆಯ ಮೂಲೆಯಲ್ಲಿರುವ ಬೆಲ್ ಐಕಾನನ್ನು ಒತ್ತಿದರೆ ಸದ್ದಾಗುವುದಿಲ್ಲ, ಹೊಸ ಸೂಚನೆ ಬಂದಾಗ ತಲೆಯ ಮೇಲೊಂದು ಕೆಂಪು ಅಂಕಿ ಮೂಡುತ್ತದೆ, ಅಷ್ಟೇ. ‘ಬೆಲ್ ಕರ್ವ್’ ಎಂಬುದು ಇನ್ನೂ ಗಂಭೀರವಾದದ್ದು: ಗಣಿತದಲ್ಲಿ ಅದೊಂದು ಗಂಟೆಯಾಕಾರದ ಸುಂದರವಾದ ವಕ್ರರೇಖೆ, ಸಿಬ್ಬಂದಿ ವಿಭಾಗದ ಕೈಗೆ ಸಿಕ್ಕರೆ, ಇಷ್ಟು ಮಂದಿ ಉತ್ತಮರು, ಇಷ್ಟು ಮಂದಿ ಅಧಮರು ಇರಲೇಬೇಕೆಂದು ಕೆಲಸ ನೋಡುವ ಮೊದಲೇ ತೀರ್ಮಾನಿಸುವ ಅಚ್ಚು.

ಇನ್ನು ಬೆಕ್ಕಿಗೆ ಗಂಟೆ ಕಟ್ಟುವ ಹಳೆಯ ಪ್ರಶ್ನೆ. ಕಟ್ಟುವವರು ಯಾರು ಎಂದು ಕೇಳಿ ಇಲಿಗಳು ತಲೆತಗ್ಗಿಸಿದವೆಂಬುದು ಕತೆ. ಇಂದಿನ ಇಲಿಗಳು ಅಷ್ಟು ಸುಲಭವಾಗಿ ತಲೆತಗ್ಗಿಸುವುದಿಲ್ಲ. ಟೆಂಡರು ಕರೆದು ಗಂಟೆಯನ್ನು ಖರೀದಿಸಿದ್ದಾಗಿದೆ, ಅದರ ಲೋಕಾರ್ಪಣೆಯೂ ಆಗಿದೆ. ಬೆಕ್ಕಿನ ಕೊರಳಿಗೆ ಹೋಗುವವರೆಗೆ ಅದು ವ್ಯರ್ಥವಾಗಬಾರದೆಂದು ಅಧ್ಯಕ್ಷರ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ. ಯಾವುದಾದರೂ ಇಲಿ ಬೆಕ್ಕಿನ ವಿಷಯವಾಗಿ ಮೂರು ನಿಮಿಷಕ್ಕಿಂತ ಹೆಚ್ಚು ಮಾತನಾಡಿದರೆ ಬಾರಿಸುತ್ತಾರೆ.

ನಾನೇ ಕೂತಿದ್ದ ಒಂದು ಸಭೆಯನ್ನು ಇಲ್ಲಿ ಹೇಳಲೇಬೇಕು. ಸುರಕ್ಷತೆಯ ಕುರಿತು ಚರ್ಚೆ ನಡೆಯುತ್ತಿದ್ದಾಗ ಕಟ್ಟಡದ ಬೆಂಕಿ ಗಂಟೆ ಕರ್ಕಶವಾಗಿ ಬಡಿದುಕೊಳ್ಳತೊಡಗಿತು. ನಾವು ಹದಿನಾಲ್ಕು ಮಂದಿಯೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಯಾರೂ ಏಳಲಿಲ್ಲವಾದ್ದರಿಂದ ಏಳುವ ಅಗತ್ಯವಿಲ್ಲವೆಂದು ಪ್ರತಿಯೊಬ್ಬರಿಗೂ ಖಾತ್ರಿಯಾಯಿತು. ಕಿಟಕಿಯ ಬಳಿ ಇದ್ದವರು ಕಿಟಕಿ ಮುಚ್ಚಿದರು, ಬಾಗಿಲ ಬಳಿ ಇದ್ದ ನಾನು ಬಾಗಿಲು ಮುಚ್ಚಿದೆ. ಮಾತನಾಡುತ್ತಿದ್ದವರು ದನಿ ಏರಿಸಿ ಮುಂದುವರಿಸಿದರು. ಹತ್ತು ನಿಮಿಷದ ಮೇಲೆ ಸದ್ದು ನಿಂತಿತು. ಕಾವಲುಗಾರರೊಬ್ಬರು ರಿಜಿಸ್ಟರ್ ಹಿಡಿದು ಒಳಬಂದು, “ಸಾರ್, ಗಂಟೆ ಕೇಳಿಸಿತು ಅಂತ ಇಲ್ಲೊಂದು ಸಹಿ ಹಾಕಿ” ಎಂದರು. ಹದಿನಾಲ್ಕು ಮಂದಿಯೂ ಸಹಿ ಹಾಕಿದೆವು. ಗಂಟೆ ಸುಸ್ಥಿತಿಯಲ್ಲಿದೆಯೆಂದು ನಡಾವಳಿಯಲ್ಲಿ ದಾಖಲಾಯಿತು. ಅದರ ಸದ್ದು ಸಭೆಗಳಿಗೆ ತೊಂದರೆ ಕೊಡುತ್ತಿರುವ ಬಗ್ಗೆ ಪರಿಶೀಲಿಸಲು ಮೂವರ ಉಪಸಮಿತಿಯೊಂದು ರಚನೆಯಾಯಿತು. ಅದಕ್ಕೆ ಯಾರನ್ನು ಸಂಚಾಲಕರನ್ನಾಗಿ ಮಾಡಬೇಕೆಂಬ ಮಾತು ಬಿಸಿಯೇರುತ್ತಿದ್ದಾಗ ಹಜಾರದಲ್ಲಿ ಊಟದ ಗಂಟೆ ಬಾರಿಸಿತು. ಮೊದಲನೆಯ ಪೆಟ್ಟಿಗೇ ಎಲ್ಲರೂ ಎದ್ದು ನಿಂತೆವು. ಎರಡನೆಯ ಪೆಟ್ಟು ಕೇಳಿಸುವಷ್ಟರಲ್ಲಿ ಕೋಣೆ ಖಾಲಿಯಾಗಿತ್ತು.