ಗೋಧಿ ಬಿಟ್ಟವರಿಗೆ ಇಟಲಿಯ ಶಿಸ್ತು, ಬಯಲುಸೀಮೆಯ ಹಿಟ್ಟು

ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನಿನಿಂದ ಸಣ್ಣ ಕರುಳು ಕೆಡುವುದೇ ಸೀಲಿಯಾಕ್ ಕಾಯಿಲೆ. ಮೂರು ಹೊತ್ತೂ ಗೋಧಿ ತಿನ್ನುವ ಇಟಲಿಯಲ್ಲಿ ಈ ಕಾಯಿಲೆಯವರು ನಿರಾಳವಾಗಿ ಊಟ ಮಾಡಬಹುದು. ಅಕ್ಕಿ, ರಾಗಿ, ಜೋಳದ ಕರ್ನಾಟಕದಲ್ಲಿ ಅವರೇ ಪ್ರತಿ ತುತ್ತಿಗೂ ಅನುಮಾನಪಡಬೇಕು. ಮಿಲಾನಿನಲ್ಲಿ ಕೂತು ಊರಿನ ಅಡುಗೆಮನೆಯನ್ನು ನೆನೆದಾಗ ವಿಚಿತ್ರ ಅನ್ನಿಸುತ್ತದೆ, ಆದರೆ ಕಾರಣ ಇಲ್ಲದಿಲ್ಲ. ನಮ್ಮ ಕಡೆ ಈ ಕಾಯಿಲೆಯೇ ಅಪರೂಪ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಉತ್ತರ ಭಾರತದಲ್ಲಿ ಸಾವಿರಕ್ಕೆ ಎಂಟಕ್ಕೂ ಹೆಚ್ಚು ಜನರಿಗೆ ಇದು ಇದ್ದರೆ, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗೆ. ಅಪರೂಪದ ಕಾಯಿಲೆಗೆ ಹೋಟೆಲಿನವನೂ ತಲೆ ಕೆಡಿಸಿಕೊಳ್ಳುವುದಿಲ್ಲ, ಎಷ್ಟೋ ಸಲ ವೈದ್ಯರಿಗೂ ಹೊಳೆಯುವುದಿಲ್ಲ. ಕಬ್ಬಿಣದ ಮಾತ್ರೆ ನುಂಗಿ ನುಂಗಿ ಹಿಮೋಗ್ಲೋಬಿನ್ ಏರದವರಲ್ಲಿ ಕೆಲವರ ತೊಂದರೆ ನಿಜವಾಗಿ ಕರುಳಿನದು.

ಅನುಮಾನ ಬಂದೊಡನೆ ಚಪಾತಿ ಬಿಟ್ಟುಬಿಡುವುದು ನಮ್ಮವರ ಮೊದಲ ತಪ್ಪು. ಟಿಟಿಜಿ ಐಜಿಎ ಎಂಬ ಪ್ರತಿಕಾಯವನ್ನು ಅಳೆಯುವ ರಕ್ತಪರೀಕ್ಷೆಯಾಗಲಿ, ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ತುಣುಕು ತೆಗೆದು ನೋಡುವುದಾಗಲಿ, ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಬಿಟ್ಟು ಕೆಲವು ತಿಂಗಳಾದರೆ ಪ್ರತಿಕಾಯ ಇಳಿದು, ಇರುವ ಕಾಯಿಲೆಯೂ ಇಲ್ಲವೆಂದು ಬರಬಹುದು. ಜೊತೆಗೆ ಒಟ್ಟು ಐಜಿಎ, ಅಂದರೆ ರಕ್ತದಲ್ಲಿ ಆ ಬಗೆಯ ಪ್ರತಿಕಾಯ ಒಟ್ಟು ಎಷ್ಟಿದೆ ಎನ್ನುವುದನ್ನೂ ನೋಡಿಸಬೇಕು; ಅದೇ ಕಡಿಮೆ ಇರುವವರಲ್ಲಿ ಟಿಟಿಜಿ ಫಲಿತಾಂಶವನ್ನು ನಂಬುವಂತಿಲ್ಲ.

ಇಟಲಿ ಈ ಕಾಯಿಲೆಯವರ ಕಾಳಜಿಯನ್ನು ಕಾನೂನಾಗಿಯೇ ಮಾಡಿಕೊಂಡಿದೆ. 2005ರ ಕಾಯ್ದೆಯ ಪ್ರಕಾರ ಶಾಲೆ, ಆಸ್ಪತ್ರೆ, ಸರ್ಕಾರಿ ಕ್ಯಾಂಟೀನುಗಳು ಕೇಳಿದವರಿಗೆ ಗ್ಲುಟೆನ್ ಇಲ್ಲದ ಊಟ ಕೊಡಬೇಕು. 2023ರ ಇನ್ನೊಂದು ಕಾಯ್ದೆ ಮಕ್ಕಳಲ್ಲಿ ಟೈಪ್ 1 ಡಯಾಬಿಟಿಸ್ ಜೊತೆಗೆ ಸೀಲಿಯಾಕನ್ನೂ ಮೊದಲೇ ಹುಡುಕುವ ತಪಾಸಣೆಗೆ ದಾರಿ ಮಾಡಿತು. ಯುರೋಪಿನ ನಿಯಮದಂತೆ ಪೊಟ್ಟಣದ ಮೇಲೆ ಗೋಧಿ, ರೈ ಎಂಬ ಧಾನ್ಯ, ಬಾರ್ಲಿ, ಓಟ್ಸ್ ಹೆಸರು ಎದ್ದು ಕಾಣಬೇಕು, ಬಿಡಿಯಾಗಿ ಮಾರುವ ಊಟದಲ್ಲಿ ಇದ್ದರೂ ತಿಳಿಸಬೇಕು. ಪೊಟ್ಟಣದ ಮಟ್ಟಿಗೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹಿಂದುಳಿದಿಲ್ಲ: ಕಿಲೋಗೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಗ್ಲುಟೆನ್ ಮುಕ್ತ ಎಂದು ಬರೆಯಬಹುದು ಎನ್ನುವ ಮಿತಿ ಎರಡೂ ಕಡೆ ಒಂದೇ. ಆದರೆ ನಮ್ಮ ತಿಂಡಿಯ ಬಹುಪಾಲು ಪೊಟ್ಟಣಕ್ಕೆ ಬರುವುದೇ ಇಲ್ಲ. ಕಾಂಡಿಮೆಂಟ್ಸ್ ಅಂಗಡಿಯ ಗಾಜಿನ ಡಬ್ಬಿಯಲ್ಲಿರುವ ನಿಪ್ಪಟ್ಟು, ಕೋಡುಬಳೆಗೆ ಅಕ್ಕಿಹಿಟ್ಟಿನ ಜೊತೆ ಮೈದಾ, ಚಿರೋಟಿ ರವೆ ಎಷ್ಟು ಬಿದ್ದಿದೆ ಎಂದು ಯಾವ ಚೀಟಿಯೂ ಹೇಳುವುದಿಲ್ಲ.

ಹಾಗೆಂದು ಇಟಲಿಯದ್ದನ್ನೆಲ್ಲ ತಲೆಮೇಲೆ ಹೊತ್ತುಕೊಳ್ಳಬೇಕಿಲ್ಲ. ಇಲ್ಲಿನ ಸರ್ಕಾರ ಸೀಲಿಯಾಕ್ ರೋಗಿಗಳಿಗೆ ತಿಂಗಳಿಗೆ ಭತ್ಯೆ ಕೊಡುತ್ತದೆ. 2018ರ ಆದೇಶದಲ್ಲಿ ವಯಸ್ಕ ಗಂಡಸರಿಗೆ 110 ಯೂರೋ, ಹೆಂಗಸರಿಗೆ 90. ಆದರೆ ಅದು ಪಟ್ಟಿಯಲ್ಲಿರುವ ವಿಶೇಷ ಬ್ರೆಡ್ಡು, ಪಾಸ್ತಾ, ಬಿಸ್ಕತ್ತಿಗೆ ಮಾತ್ರ; ಬರಿಯ ಅಕ್ಕಿಗಾಗಲಿ ಬೇಳೆಗಾಗಲಿ ಸಲ್ಲದು. ಆ ಬ್ರೆಡ್ಡಿನ ಹಿಂಬದಿ ಓದಿ ನೋಡಿ: ಮೆಕ್ಕೆಜೋಳದ ಪಿಷ್ಟ, ಅಕ್ಕಿಹಿಟ್ಟು, ಆಲೂಗಡ್ಡೆ ಪಿಷ್ಟ, ಎಣ್ಣೆ, ಸಕ್ಕರೆ, ಅಂಟಿಗೆ ಇಸಬ್‌ಗೋಲು ಮತ್ತು ಗಮ್ಮು. ಪಿಷ್ಟ ಜಾಸ್ತಿ, ಪೋಷಕಾಂಶ ಕಮ್ಮಿ. ಕರುಳು ವಾಸಿಯಾಗಿ ಹೀರುವಿಕೆ ಸರಿಹೋದ ಮೇಲೆ ಇದನ್ನೇ ನೆಚ್ಚಿಕೊಂಡರೆ ತೂಕ ಏರುವುದು ಸುಲಭ. ಬೆಂಗಳೂರಿನಲ್ಲಿ ಇದೇ ಮಾಲನ್ನು ದುಬಾರಿ ಬೆಲೆಗೆ ತರಿಸಿಕೊಳ್ಳುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ.

ಗ್ಲುಟೆನ್ನಿನ ಅಂಟಿಲ್ಲದೆ ರೊಟ್ಟಿ ಮಾಡುವ ವಿದ್ಯೆ ಉತ್ತರ ಕರ್ನಾಟಕಕ್ಕೆ ಯಾವ ಗಮ್ಮೂ ಇಲ್ಲದೆ ಗೊತ್ತು. ಒಂದು ಲೋಟ ಜೋಳದ ಹಿಟ್ಟಿಗೆ ಮುಕ್ಕಾಲರಿಂದ ಒಂದು ಲೋಟ ನೀರು, ಅದು ಕುದಿಯುತ್ತಲೇ ಇರಬೇಕು. ಹಿಟ್ಟಿನ ನಡುವೆ ಸುರಿದು, ಚಮಚದಲ್ಲಿ ಕಲೆಸಿ, ಎರಡು ಮೂರು ನಿಮಿಷ ಬಿಟ್ಟು ಅಂಗೈಯಿಂದ ಚೆನ್ನಾಗಿ ನಾದಬೇಕು. ಬಿಸಿನೀರಿಗೆ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಬಡಿದಾಗ ರೊಟ್ಟಿ ಹಿಡಿದುಕೊಳ್ಳುವುದು ಅದರಿಂದಲೇ. ಅಂಚು ಬಿರಿದರೆ ನೀರು ಆರಿತ್ತು ಅಥವಾ ಹಿಟ್ಟು ಹಳೆಯದು. ಹೋಟೆಲುಗಳಲ್ಲಿ ಬಿರಿಯದಿರಲೆಂದು ಗೋಧಿಹಿಟ್ಟು ಬೆರೆಸುವುದುಂಟು. ಲಟ್ಟಣಿಗೆಯಲ್ಲಿ ಒತ್ತಿದ ರೊಟ್ಟಿ ಅಷ್ಟು ತೆಳ್ಳಗೆ, ಮೆತ್ತಗೆ ಬಂದಿದ್ದರೆ ಕೇಳದೆ ತಿನ್ನಬೇಡಿ.

ಇನ್ನು ಹಿಂಗು. ನಮ್ಮ ಅಡುಗೆಯಲ್ಲಿ ಗೋಧಿ ಕಳ್ಳದಾರಿಯಲ್ಲಿ ಬರುವುದು ಮುಖ್ಯವಾಗಿ ಇಲ್ಲಿಂದ. ಅಂಗಡಿಯ ಪುಡಿ ಹಿಂಗಿಗೆ, ಎಷ್ಟೋ ಗಟ್ಟಿ ಹಿಂಗಿಗೂ, ಮೈದಾ ಇಲ್ಲವೇ ಗೋಧಿಹಿಟ್ಟು ಬೆರೆಸಿರುತ್ತಾರೆ. ಸುಮ್ಮನೆ ಲೆಕ್ಕ ಹಾಕೋಣ: ಕಾಲು ಗ್ರಾಂ ಹಿಂಗಿನಲ್ಲಿ ಅರ್ಧ ಮೈದಾ ಎಂದುಕೊಂಡರೆ ಗ್ಲುಟೆನ್ ಸುಮಾರು 10 ಮಿಲಿಗ್ರಾಂ. ನಾಲ್ವರಿಗೆ ಮಾಡಿದ ಸಾರಿನಲ್ಲಿ ಒಬ್ಬರ ಪಾಲು ಎರಡೂವರೆ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರಿಗೆ ತೊಂದರೆಯಿಲ್ಲ, ದಿನವೂ 50 ಹೋದರೆ ಕರುಳಿನ ಒಳಪೊರೆ ಸವೆಯುತ್ತದೆ. ಆದರೆ ಸಾರು, ಹುಳಿ, ಒಗ್ಗರಣೆ, ಉಪ್ಪಿನಕಾಯಿ, ಚಕ್ಕುಲಿ ಎಲ್ಲದರಲ್ಲೂ ಅದೇ ಹಿಂಗು. ಅಕ್ಕಿಹಿಟ್ಟು ಬೆರೆಸಿದ, ಗ್ಲುಟೆನ್ ಮುಕ್ತ ಎಂದು ಬರೆದ ಹಿಂಗು ಸಿಗುತ್ತದೆ. ಇಲ್ಲದಿದ್ದರೆ ಬೆಳ್ಳುಳ್ಳಿ ಸಾಕು. ಸಾರಿನಪುಡಿ, ಬಿಸಿಬೇಳೆಬಾತಿನ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವುದು ಲೇಸು.

ಎರಡನೆಯ ಕಳ್ಳದಾರಿ ಹಿಟ್ಟಿನ ಗಿರಣಿ. ಹಿಂದಿನವರು ಬೀಸಿಸಿದ ಗೋಧಿ ಕಲ್ಲಿನ ಸಂದಿಯಲ್ಲಿ ಉಳಿದು ನಿಮ್ಮ ರಾಗಿಗೆ ಸೇರುತ್ತದೆ. ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಂಡು ಅದರಲ್ಲಿ ಗೋಧಿ ಹಾಕದಿರುವುದೇ ಗಟ್ಟಿ ಪರಿಹಾರ. ಆಮದು ಬ್ರೆಡ್ಡಿನ ದುಡ್ಡು ಇದಕ್ಕೆ ಹಾಕಿ. ಧಾನ್ಯವನ್ನು ಬೀಸುವ ಮುಂಚೆ ನೋಡಬೇಕು. ರಾಗಿ, ನವಣೆ, ಸಾಮೆ ಸಣ್ಣಕಾಳು, ಜರಡಿ ಹಿಡಿದರೆ ಇಡೀ ಗೋಧಿಕಾಳು ಮೇಲೆ ಉಳಿಯುತ್ತದೆ. ಜೋಳದಲ್ಲಿ ಗಾತ್ರ ಹತ್ತಿರ ಹತ್ತಿರ, ಮೊರದಲ್ಲಿ ತೆಳ್ಳಗೆ ಹರಡಿ ಕೈಯಲ್ಲೇ ಆರಿಸಬೇಕು. ಆಮೇಲೆ ತೊಳೆದು ಬಿಸಿಲಿಗೆ ಒಣಗಿಸಿದರೆ ಮೇಲಂಟಿದ ಹಿಟ್ಟಿನ ದೂಳೂ ಹೋಗುತ್ತದೆ.

ಪಾಸ್ತಾ ಬೆಂದ ನೀರಿನಲ್ಲಿ ಇನ್ನೊಂದನ್ನು ಬೇಯಿಸಬಾರದು, ಜಾಲರಿ ಬೇರೆ, ಮರದ ಸೌಟು ಬೇರೆ: ಇದು ಇಟಲಿಯ ಶಿಸ್ತು. ನಮ್ಮಲ್ಲಿ ಅದು ಲಟ್ಟಣಿಗೆ, ಮಣೆ, ಕಾವಲಿ ಎಂದಾಗಬೇಕು. ರವೆದೋಸೆ ಹುಯ್ದ ಕಾವಲಿಯಲ್ಲಿ ಮಸಾಲೆದೋಸೆ, ಪೂರಿ ಕರಿದ ಎಣ್ಣೆಯಲ್ಲಿ ಉದ್ದಿನವಡೆ ಬೇಡ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆಯದು. ಪ್ರಸಾದವೆಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೂ ಅದು ಗ್ಲುಟೆನ್ನೇ. ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನುವುದನ್ನೇ ಆರೋಗ್ಯ ಅಂದುಕೊಂಡ ನೆಂಟರಿಗೆ ಇದನ್ನು ವಿವರಿಸುವುದು ಎಲ್ಲಕ್ಕಿಂತ ಕಷ್ಟ.

ಪೋಷಣೆಯ ವಿಷಯದಲ್ಲಿ ನಮ್ಮ ತಟ್ಟೆಯೇ ಮೇಲು, ಮೂರು ಹೊತ್ತೂ ಬಿಳಿ ಅನ್ನ ತಿನ್ನದಿದ್ದರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಈ ಕಾಯಿಲೆಯಲ್ಲಿ ಮೂಳೆ ಸವೆಯುವವರಿಗೆ ಇದು ದೊಡ್ಡ ಮಾತು. ಮೊಳಕೆ ಕಟ್ಟಿದರೆ ಅದು ಮೈಗೆ ಹತ್ತುವುದೂ ಹೆಚ್ಚು. ಅಂಗಡಿಯ ರಾಗಿ ಬಿಸ್ಕತ್ತಿನಲ್ಲಿ ಮಾತ್ರ ಸಾಮಾನ್ಯವಾಗಿ ಮೈದಾ ಇರುತ್ತದೆ. ಕಾಯಿಲೆ ಗೊತ್ತಾದ ಮೊದಲ ವಾರಗಳಲ್ಲಿ ಮುದ್ದೆ, ರೊಟ್ಟಿಯ ನಾರು ಹೊಟ್ಟೆ ಉಬ್ಬರಿಸಬಹುದು. ಮೆತ್ತನೆ ಅನ್ನ, ಹೆಸರುಬೇಳೆ, ತೆಳು ರಾಗಿ ಅಂಬಲಿಯಿಂದ ಶುರುಮಾಡಿ. ಹಾಲು ಆಗ ಹಿಡಿಸದಿದ್ದರೆ ಮೊಸರು ಹಿಡಿಸುತ್ತದೆಯೇ ನೋಡಿ. ಕರುಳು ಚೇತರಿಸಿಕೊಂಡ ಮೇಲೆ ಅನೇಕರಿಗೆ ಹಾಲೂ ಒಗ್ಗುತ್ತದೆ. ಕಬ್ಬಿಣ, ಫೋಲೇಟ್, ಬಿ12, ವಿಟಮಿನ್ ಡಿ ಮಟ್ಟವನ್ನು ಪರೀಕ್ಷಿಸಿಕೊಂಡೇ ಮಾತ್ರೆ ತೆಗೆದುಕೊಳ್ಳಬೇಕು. ಆರು ತಿಂಗಳಿಗೆ ಟಿಟಿಜಿ ಮತ್ತೆ ಮಾಡಿಸಿ. ಇಳಿಯುತ್ತಿಲ್ಲವೆಂದರೆ ಮೊದಲು ಹಿಂಗು, ಆಮೇಲೆ ಗಿರಣಿ, ಆಮೇಲೆ ಹೋಟೆಲು, ಈ ಕ್ರಮದಲ್ಲಿ ಹುಡುಕಿ.