ಸುಲಿಯೋ ಕೆಲಸ ಕೊಂಡುಕೊಂಡೆ, ಸಾರು ನಾನೇ ಮಾಡಿದೆ

ಹಾಸನಾಂಬೆ ಬಾಗಿಲು ತೆಗೆದಾಗ ನಮ್ಮ ಮನೆಗೆ ಒಂಬತ್ತು ಜನ ನೆಂಟರು ಬಂದಿದ್ದರು. ಹಾಸನದಲ್ಲಿ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಶ್ವಯುಜ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಬಾಗಿಲು ತೆಗೆದರೆ, ದೀಪಾವಳಿ ಹೊತ್ತಿಗೆ ಮುಚ್ಚುವವರೆಗೆ ನಮ್ಮ ಮನೆಗಳಲ್ಲಿ ಒಲೆ ಆರುವುದಿಲ್ಲ. ನೆಂಟರು ಊಟಕ್ಕೆ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಅವರಿಗೇ ಗೊತ್ತಿರಲ್ಲ, ಸಾಲು ಯಾವಾಗ ಕರಗುತ್ತೋ ಆಗ. ನಮ್ಮವರು ದರ್ಶನ ಮುಗಿಸಿ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ನಾನು ಅವತ್ತು ಕೆಲಸದಿಂದ ಮನೆ ಸೇರಿದ್ದೇ ಏಳು ಗಂಟೆಗೆ. ಆದರೂ ಬಿಸಿ ಅಕ್ಕಿರೊಟ್ಟಿ, ಸಿಪ್ಪೆ ಹಿತುಕಿ ತೆಗೆದ ಅವರೆಕಾಳಿನ ಹಿತಕಬೇಳೆ ಸಾರು, ಅನ್ನ, ಬಟಾಣಿ ಆಲೂಗಡ್ಡೆ ಪಲ್ಯ ಎಲ್ಲ ತಯಾರಿತ್ತು.

ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಕೈ ತೊಳೆಯುವಾಗ ಒಬ್ಬ ಚಿಕ್ಕಪ್ಪ ಕೇಳಿದರು, ‘ಈ ತಿಂಗಳಲ್ಲಿ ಹಿತಕಬೇಳೆ ಎಲ್ಲಿ ಸಿಕ್ತಮ್ಮ?’ ಫ್ರೋಜನ್ ಪ್ಯಾಕೆಟ್ ಚಿಕ್ಕಪ್ಪ, ಅಂದೆ. ‘ಅದಕ್ಕೇ ಸೊಗಡಿಲ್ಲ. ನಿಮ್ಮಮ್ಮ ಆಗಿದ್ರೆ ಪ್ಯಾಕೆಟ್ ಅಡುಗೆ ಮಾಡ್ತಿರಲಿಲ್ಲ ಬಿಡು’ ಅಂದರು. ನೋಯಿಸಬೇಕು ಅಂತ ಅಂದಿದ್ದಲ್ಲ, ಅವರ ಸ್ವಭಾವ ನನಗೆ ಗೊತ್ತು. ಆದರೂ ಬೇಜಾರಾಯಿತು. ಅವತ್ತಿನಿಂದ ಮನಸ್ಸಲ್ಲೇ ಇಟ್ಟುಕೊಂಡಿದ್ದನ್ನು ಇವತ್ತು ಬರೆದುಬಿಡುತ್ತೇನೆ.

ಸೊಗಡಿಲ್ಲ ಅಂದಿದ್ದು ನಿಜ. ಇಬ್ಬನಿ ಬೀಳುವ ಡಿಸೆಂಬರ್, ಜನವರಿಯ ಅವರೆಕಾಯಿ ಸುಲಿದರೆ ಬೆರಳಿಗೆ ಎಣ್ಣೆ ಹಚ್ಚಿದ ಹಾಗೆ ಅಂಟುತ್ತದಲ್ವಾ, ಆ ವಾಸನೆ ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಹೋಗಲ್ಲ. ಅದು ಪ್ಯಾಕೆಟ್ಟಿನಲ್ಲಿ ಬರುವುದಿಲ್ಲ. ಬರುತ್ತೆ ಅಂತ ನಾನೂ ವಾದ ಮಾಡಲ್ಲ. ಅವರೆಕಾಯಿ ಕಾಲದಲ್ಲಿ ನಾನು ಆ ಪ್ಯಾಕೆಟ್ ಮುಟ್ಟುವುದೂ ಇಲ್ಲ.

ಆದರೆ ಅಮ್ಮನ ಹೆಸರು ತಂದರಲ್ಲ, ಅಲ್ಲಿ ನನಗೆ ಹೇಳುವುದಿದೆ.

ನನ್ನ ತವರು ದುದ್ದದ ಕಡೆ. ಚಿಕ್ಕವಳಿದ್ದಾಗ ಅವರೆಕಾಯಿ ಚೀಲದಲ್ಲಿ ಬರುತ್ತಿತ್ತು. ಮಧ್ಯಾಹ್ನ ಊಟ ಮುಗಿದ ಮೇಲೆ ಅಮ್ಮ, ದೊಡ್ಡಮ್ಮ, ಅಜ್ಜಿ ಮೂರೂ ಜನ ಚೀಲ ಸುರಿದುಕೊಂಡು ಕೂರುತ್ತಿದ್ದರು. ಒಂದು ಕೆ.ಜಿ. ಕಾಯಿ ಸುಲಿದರೆ ಅರ್ಧ ಕೆ.ಜಿ. ಕಾಳೂ ಸಿಗಲ್ಲ. ಅದನ್ನು ರಾತ್ರಿಯೆಲ್ಲ ನೆನೆಹಾಕಬೇಕು. ಬೆಳಿಗ್ಗೆ ಎದ್ದು ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿತುಕಬೇಕು, ಪಿಚಕ್ ಅಂತ ಬೇಳೆ ಹಾರಿ ಪಾತ್ರೆಗೆ ಬೀಳುತ್ತದೆ, ಆಚೆ ಬಿದ್ದದ್ದನ್ನು ಆರಿಸಬೇಕು. ಹತ್ತು ಜನರ ಮನೆಗೆ ಒಂದು ಹೊತ್ತಿನ ಸಾರಿಗೆ ಎಷ್ಟು ಸಾವಿರ ಕಾಳು ಆಗುತ್ತೋ ಯಾರೂ ಎಣಿಸಿಲ್ಲ. ಚಳಿಗೆ ಅಮ್ಮನ ಬೆರಳ ತುದಿ ಬಿಳುಚಿಕೊಂಡು ಸುಕ್ಕಾಗಿರುತ್ತಿತ್ತು. ಅಪ್ಪ, ಚಿಕ್ಕಪ್ಪಂದಿರು ಜಗುಲಿಯಲ್ಲಿ ಕೂತು ಮಾತಾಡುತ್ತಿದ್ದರು. ಅವರಲ್ಲಿ ಒಬ್ಬರೂ ಒಂದು ಕಾಯಿ ಸುಲಿದದ್ದು ನನಗೆ ನೆನಪಿಲ್ಲ. ಸಾರು ತಿಂದು ಘಮಘಮ ಅಂದದ್ದು ನೆನಪಿದೆ.

ಈಗ ಅಮ್ಮನಿಗೆ 67. ಚಳಿಗಾಲದಲ್ಲಿ ಲೋಟ ಎತ್ತಲೂ ಹೆಬ್ಬೆರಳು ಬಗ್ಗಲ್ಲ. ಹೋದ ವರ್ಷ ನಮ್ಮ ಮನೆಗೆ ಬಂದಾಗ ಹಿತಕಬೇಳೆ ಪ್ಯಾಕೆಟ್ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು. ‘ಇದು ನಮ್ಮ ಕಾಲದಲ್ಲಿ ಇದ್ದಿದ್ರೆ’ ಅಂದರು, ಅಷ್ಟೇ. ಮುಂದಕ್ಕೆ ಹೇಳಲಿಲ್ಲ. ಹಾಗಾಗಿ ನಿಮ್ಮಮ್ಮ ಮಾಡ್ತಿರಲಿಲ್ಲ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಅಮ್ಮ ಮಾಡುತ್ತಿದ್ದರು. ಸಿಗುತ್ತಿರಲಿಲ್ಲ, ಅದಕ್ಕೆ ಮಾಡಲಿಲ್ಲ.

ಅಡುಗೆಯಲ್ಲಿ ಎರಡು ಥರದ ಕೆಲಸ ಇದೆ ಅಂತ ನನ್ನ ಲೆಕ್ಕ. ಒಂದು ಸುಲಿಯುವುದು, ಹಿತುಕುವುದು, ತುರಿಯುವುದು. ಇದರಲ್ಲಿ ಕೈ ಸೋಲುತ್ತದೆ, ಹೊತ್ತು ಹೋಗುತ್ತದೆ. ಇನ್ನೊಂದು ಮಸಾಲೆ ಹುರಿಯುವುದು, ಅರೆಯುವುದು, ಹದ ನೋಡುವುದು, ಒಗ್ಗರಣೆ ಕೊಡುವುದು. ಕೈರುಚಿ ಅನ್ನುತ್ತೀವಲ್ಲ, ಅದು ಇರುವುದು ಈ ಎರಡನೆಯದರಲ್ಲಿ. ಮೊದಲನೆಯದನ್ನು ನಾನು ದುಡ್ಡು ಕೊಟ್ಟು ಕೊಳ್ಳುತ್ತೇನೆ, ಯಾರ ಮುಂದೂ ಬಚ್ಚಿಡಲ್ಲ. ಎರಡನೆಯದನ್ನು ಕೊಳ್ಳಲ್ಲ. ಅವತ್ತಿನ ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಗಸಗಸೆ, ಧನಿಯ ಎಲ್ಲ ಹುರಿದು ಕಾಯಿ ಹಾಕಿ ಅರೆದದ್ದು ನಾನೇ. ಅದನ್ನು ಪ್ಯಾಕೆಟ್ ಅಡುಗೆ ಅಂದರೆ ಹೇಗೆ?

ತುಂಬಾ ಜನ ಫ್ರೋಜನ್ ಅಂದ ಕೂಡಲೇ ‘ಅಯ್ಯೋ, ಕೆಮಿಕಲ್ ಹಾಕಿರ್ತಾರೆ’ ಅನ್ನುತ್ತಾರೆ. ಒಂದು ಬಟಾಣಿ ಪ್ಯಾಕೆಟ್ ತಗೊಂಡು ಹಿಂದೆ ಓದಿ. ಹೆಚ್ಚಿನವುಗಳಲ್ಲಿ ಪದಾರ್ಥ ಅಂತ ಇರುವುದು ಬಟಾಣಿ ಒಂದೇ. ಕೆಡದ ಹಾಗೆ ಕಾಯುವುದು ಚಳಿ, ಬೇರೇನಲ್ಲ. ಬಿಡಿಸಿದ ಕಾಳನ್ನು ಕುದಿಯುವ ನೀರಿನಲ್ಲೋ ಹಬೆಯಲ್ಲೋ ಒಂದೆರಡು ನಿಮಿಷ ಇಟ್ಟು ತೆಗೆದು ತಕ್ಷಣ ತಣ್ಣಗೆ ಮಾಡುತ್ತಾರೆ. ಕಾಳಿನೊಳಗೆ ಬಣ್ಣ, ರುಚಿ ಕೆಡಿಸುವ ಕಿಣ್ವಗಳು ಇರುತ್ತವೆ, ಅವು ಅಲ್ಲಿಗೆ ನಿಲ್ಲುತ್ತವೆ. ಆಮೇಲೆ ಬಹಳ ಬೇಗ ಹೆಪ್ಪುಗಟ್ಟಿಸಿ ಮೈನಸ್ 18 ಡಿಗ್ರಿಯಲ್ಲಿ ಇಡುತ್ತಾರೆ. ಈ ‘ಬೇಗ’ ಅನ್ನುವುದೇ ಮುಖ್ಯ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಅನ್ನುವವರು ನೂರು ವರ್ಷಕ್ಕೂ ಹಿಂದೆ ಲ್ಯಾಬ್ರಡಾರ್ ಅನ್ನುವ ಚಳಿ ನಾಡಿನಲ್ಲಿದ್ದಾಗ, ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ಥಟ್ಟನೆ ಗಟ್ಟಿಯಾಗುವುದನ್ನೂ, ತಿಂಗಳು ಕಳೆದು ಬೇಯಿಸಿದರೂ ತಾಜಾ ಇದ್ದ ಹಾಗೇ ಇರುವುದನ್ನೂ ನೋಡಿದರಂತೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಒಳಗೆ ದೊಡ್ಡ ಮಂಜಿನ ಹರಳು ಕಟ್ಟಿ ತರಕಾರಿಯ ಮೈ ಹರಿದುಹೋಗುತ್ತದೆ, ಕರಗಿದಾಗ ಮೆತ್ತಗೆ ಪಿಚಪಿಚ ಆಗುತ್ತದೆ. ಬೇಗ ಆದರೆ ಹರಳು ಸಣ್ಣ, ಮೈ ಉಳಿಯುತ್ತದೆ. 1930ರಲ್ಲಿ ಅವರ ಫ್ರೋಜನ್ ಬಟಾಣಿ, ಮೀನು, ಮಾಂಸ ಅಮೆರಿಕದ ಅಂಗಡಿಗಳಿಗೆ ಬಂತು. ನಮ್ಮ ಮನೆಯ ಫ್ರಿಜ್ಜಿನಲ್ಲಿ ಇದು ಅಷ್ಟು ಬೇಗ ಆಗಲ್ಲ, ಅದಕ್ಕೇ ಮನೆಯಲ್ಲಿ ಇಟ್ಟ ಟೊಮೆಟೊ, ಸೌತೆ ಎಲ್ಲ ಕರಗಿದಾಗ ನೀರು ಬಿಟ್ಟುಕೊಂಡು ಕೂರುತ್ತವೆ.

ಬಟಾಣಿ ವಿಷಯದಲ್ಲಂತೂ ನನಗೆ ಅನುಮಾನವೇ ಇಲ್ಲ. ಗಿಡದಿಂದ ಕಿತ್ತ ಕ್ಷಣದಿಂದ ಬಟಾಣಿಯ ಸಿಹಿ ಪಿಷ್ಟವಾಗಲು ಶುರುವಾಗುತ್ತದೆ. ಎಲ್ಲಿಂದಲೋ ಬಂದು, ಮೂರು ದಿನ ಗೋಣಿಯಲ್ಲಿದ್ದ ಕಾಯಿಗಿಂತ ಕಿತ್ತ ಕೂಡಲೇ ಹೆಪ್ಪುಗಟ್ಟಿಸಿದ ಕಾಳು ಸಿಹಿ ಇರುತ್ತದೆ, ವಿಟಮಿನ್ ಸಿ ಕೂಡ ಚೆನ್ನಾಗಿ ಉಳಿದಿರುತ್ತದೆ. ಕಾಲ ಅಲ್ಲದ ಕಾಲದಲ್ಲಿ ಒಣಬಟಾಣಿ ನೆನೆಸಿ, ಕೆಲವು ಕಡೆ ಬಣ್ಣವನ್ನೂ ಹಾಕಿ, ಹಸಿ ಬಟಾಣಿ ಅಂತ ಮಾರುವುದುಂಟು. ನೀರಿಗೆ ಹಾಕಿಟ್ಟು ನೋಡಿ, ನೀರು ಹಸಿರಾದರೆ ಬಿಸಾಕಿ.

ತೆಂಗಿನತುರಿಯ ಪ್ಯಾಕೆಟ್ಟೂ ನಮ್ಮ ಮನೆಯಲ್ಲಿ ಇರುತ್ತದೆ. ಪಕ್ಕದಲ್ಲೇ ಅರಸೀಕೆರೆ ಇಟ್ಟುಕೊಂಡು ತೆಂಗಿನತುರಿ ಕೊಳ್ಳೋದಾ ಅಂತ ಕೇಳಿದವರಿದ್ದಾರೆ. ಕಾಯಿಗೇನೂ ಬರವಿಲ್ಲ. ಬೆಳಿಗ್ಗೆ ಆರೂವರೆಗೆ ತುರಿಯುವ ಕೈಗೆ ಬರ. ಹೊಸಬರಿಗೆ ಒಂದು ಮಾತು, ಫ್ರೀಜರಿನಿಂದ ತೆಗೆದದ್ದನ್ನು ಹಾಗೇ ತಣ್ಣೀರು ಹಾಕಿ ಮಿಕ್ಸಿಗೆ ಹಾಕಬೇಡಿ, ಜಿಡ್ಡು ಬೇರೆಯಾಗಿ ಗಂಟು ಗಂಟಾಗುತ್ತದೆ. ಬೆಚ್ಚನೆ ನೀರು ಹಾಕಿ.

ಫ್ರೆಂಚ್ ಫ್ರೈಸ್ ಮಾತ್ರ ನಾನು ತರಲ್ಲ. ಇದರಲ್ಲಿ ನಾನು ಹಟಮಾರಿ. ಹಾಸನದವರು ಆಲೂಗಡ್ಡೆ ಪ್ಯಾಕೆಟ್ ಕೊಳ್ಳುವುದು ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ತವರಿನಲ್ಲಿ ಅಪ್ಪ ಪ್ರತಿ ವರ್ಷ ಆಲೂಗಡ್ಡೆ ಹಾಕುತ್ತಿದ್ದರು. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರಿನಿಂದ ಲಾರಿಯಲ್ಲಿ ಬರುತ್ತಿತ್ತು, ಮೇ ತಿಂಗಳ ಮಳೆ ಬಿದ್ದ ಮೇಲೆ ಕತ್ತರಿಸಿ ನೆಡುತ್ತಿದ್ದರು. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಅಪ್ಪನಿಗೆ ನಿದ್ದೆ ಇಲ್ಲ. ಅಂಗಮಾರಿ ರೋಗ ಬಂತು ಅಂದರೆ ನಾಲ್ಕೈದು ದಿನದಲ್ಲಿ ಹಸಿರು ಹೊಲ ಸುಟ್ಟ ಹಾಗೆ ಕಪ್ಪಾಗುತ್ತಿತ್ತು. ಹಾಗೆ ನಷ್ಟ ಆಗಿ ಆಗಿ ನಮ್ಮ ಕಡೆ ಎಷ್ಟೋ ಜನ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ಹೋದರು, ಅಪ್ಪನೂ ಹೋದರು. ಪ್ಯಾಕೆಟ್ಟಿನ ಫ್ರೈಸ್‌ಗೆ ಬೇಕಾದದ್ದು ಉದ್ದನೆಯ, ಸಕ್ಕರೆ ಕಮ್ಮಿ ಇರುವ ಬೇರೆ ತಳಿಗಳು, ನಮ್ಮ ಕಡೆ ಬಹುಕಾಲ ಹಾಕಿದ ಕುಫ್ರಿ ಜ್ಯೋತಿ ಅಲ್ಲ. ಅದನ್ನು ಕಾರ್ಖಾನೆಯಲ್ಲೇ ಒಂದು ಸಲ ಎಣ್ಣೆಯಲ್ಲಿ ಅರೆಬರೆ ಕರಿದು ಹೆಪ್ಪುಗಟ್ಟಿಸುತ್ತಾರೆ, ನಾವು ಮನೆಯಲ್ಲಿ ಇನ್ನೊಂದು ಸಲ ಕರಿಯುತ್ತೀವಿ. ಒಂದು ಆಲೂಗಡ್ಡೆ ಸಿಪ್ಪೆ ತೆಗೆದು ಉದ್ದುದ್ದ ಹೆಚ್ಚಲು ಮೂರು ನಿಮಿಷ ಸಾಕು. ಅದರಲ್ಲಿ ಉಳಿಸುವ ಶ್ರಮವೇ ಇಲ್ಲ. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಮಣ್ಣು ಮೆತ್ತಿದ ಗಡ್ಡೆ ರಾಶಿ ಬಿದ್ದಿರುವಾಗ ನಾನು ಪ್ಯಾಕೆಟ್ ಎತ್ತಲಾರೆ.

ಪರೋಟ ನಡುವಿನದು. ತಿಂಗಳಿಗೆ ಒಂದು ಸಲ ತರುತ್ತೇನೆ, ಮಗನ ಆಸೆಗೆ. ಮೈದಾ ಮತ್ತು ಎಣ್ಣೆ, ಅಷ್ಟೇ ಅದು. ಪ್ಯಾಕೆಟ್ ಹಿಂದಿನ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಜಾಸ್ತಿ ಇದೆಯೋ ಅದೇ ಮೊದಲು ಬರೆದಿರುತ್ತದೆ, ಓದಿದರೆ ಗೊತ್ತಾಗುತ್ತದೆ. ಪಟ್ಟಿ ಉದ್ದ ಆದಷ್ಟೂ ನಾನು ಅನುಮಾನದಿಂದ ನೋಡುತ್ತೇನೆ. ರೆಡಿ ಗ್ರೇವಿ ಥರದ್ದು ನಮ್ಮ ಮನೆಗೆ ಬರಲ್ಲ.

ನನಗೆ ನಿಜವಾಗಿ ಭಯ ಇರುವುದು ಕರೆಂಟಿನ ವಿಷಯದಲ್ಲಿ. ಇದನ್ನು ಯಾರೂ ಮಾತಾಡಲ್ಲ. ಒಂದು ಸಲ ಇಲ್ಲೇ ಒಂದು ಅಂಗಡಿಯಿಂದ ಬಟಾಣಿ ತಂದೆ. ಪ್ಯಾಕೆಟ್ ಮುಟ್ಟಿದರೆ ಇಟ್ಟಿಗೆ ಥರ ಒಂದೇ ಗಡ್ಡೆ, ಒಳಗೆಲ್ಲ ಮಂಜು. ಬಿಡಿಬಿಡಿಯಾಗಿ ಗಲಗಲ ಅನ್ನಬೇಕಾದ ಕಾಳು ಹಾಗೆ ಗಡ್ಡೆಯಾಗಿದೆ ಅಂದರೆ ನಡುವೆ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ರಾತ್ರಿ ಫ್ರೀಜರ್ ಆರಿಸಿಟ್ಟು ಹೋಗುವ ಅಂಗಡಿಗಳೂ ಇವೆ. ಚಳಿ ರೋಗಾಣುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ. ಕರಗಿದರೆ ಅವು ಏಳುತ್ತವೆ. ಮನೆಗೆ ತಂದು ಒಗ್ಗರಣೆ ಹಾಕುವಾಗ ಹುಳಿ ವಾಸನೆ ಬಂತು, ಎಲ್ಲ ಎಸೆದೆ. ಈಗ ಪ್ಯಾಕೆಟ್ ಕೈಯಲ್ಲಿ ಅಲ್ಲಾಡಿಸಿ ನೋಡದೆ ತರಲ್ಲ, ಇಡೀ ಖರೀದಿ ಮುಗಿದ ಮೇಲೆ ಕೊನೆಯಲ್ಲಿ ಅದನ್ನು ತಗೊಳ್ಳುತ್ತೇನೆ.

ಅತ್ತೆ ಮನೆ ಮೂಡಿಗೆರೆ ಕಡೆ. ಜುಲೈ ಮಳೆಗೆ ಅಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಮೂರು ದಿನ ಇಲ್ಲ, ನಾಲ್ಕು ದಿನ ಇಲ್ಲ. ಎರಡು ವರ್ಷದ ಹಿಂದೆ ನಾನೇ ಅಕ್ಕರೆಯಿಂದ ಅವರ ಫ್ರೀಜರ್ ತುಂಬಿಸಿ ಬಂದಿದ್ದೆ. ಮೀನು, ಬಟಾಣಿ, ತೆಂಗಿನತುರಿ ಎಲ್ಲ ಹೋಯಿತು. ಅತ್ತೆ ಒಂದು ಮಾತೂ ಅನ್ನಲಿಲ್ಲ, ಆ ಮಳೆಯಲ್ಲೇ ತೋಟದಲ್ಲಿ ಗುಂಡಿ ತೆಗೆಸಿ ಹೂಳಿಸಿದರು. ಅವತ್ತು ನನಗೆ ಅರ್ಥವಾಯಿತು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಭರಣಿಯ ಅಪ್ಪೆಮಿಡಿ, ಹಪ್ಪಳ, ಒಣಮೀನು ಇವೆಲ್ಲ ಆ ಊರಿನ ಮಳೆಗೆ ಲೆಕ್ಕ ಹಾಕಿ ಮಾಡಿದ್ದು. ಅವಕ್ಕೆ ಕರೆಂಟು ಬೇಡ. ಅತ್ತೆಯ ಅಡುಗೆಮನೆಗೆ ಅದೇ ಸರಿ, ನಾನು ಹೇಳಿಕೊಡುವುದು ಏನೂ ಇಲ್ಲ.

ಅವರಿಗೆ ಒಂದು ಉಪಾಯ ಮಾತ್ರ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಒಂದು ಸಣ್ಣ ಡಬ್ಬಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ಊರಿಂದ ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಭಯ ಇಲ್ಲ. ತಳಕ್ಕೆ ಇಳಿದು ಗಟ್ಟಿಯಾಗಿದ್ದರೆ ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ, ದುಡ್ಡಿನ ಮುಖ ನೋಡದೆ ಎಸೆಯಿರಿ. ತುಂಬಿದ ದೊಡ್ಡ ಫ್ರೀಜರ್ ಬಾಗಿಲು ತೆಗೆಯದಿದ್ದರೆ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ ಅನ್ನುತ್ತಾರೆ. ಫ್ರಿಜ್ಜಿನ ಮೇಲಿನ ನಮ್ಮ ಪುಟ್ಟ ಪೆಟ್ಟಿಗೆಯನ್ನು ಅಷ್ಟು ನಂಬಬೇಡಿ.

ಜನವರಿಯಲ್ಲಿ ಅಮ್ಮ ಬರುತ್ತಾರೆ. ಹತ್ತು ಕೆ.ಜಿ. ಅವರೆಕಾಯಿ ತರುವುದು ಅಂತ ಇದೆ. ಮೊದಲ ಎರಡು ದಿನ ಸೊಗಡಿನ ಸಾರು, ಅವರೆಕಾಳು ಉಪ್ಪಿಟ್ಟು, ಅವರೆಕಾಳು ಅಕ್ಕಿರೊಟ್ಟಿ. ಉಳಿದದ್ದನ್ನು ಹಿತುಕಿ, ಕುದಿಯುವ ನೀರಿನಲ್ಲಿ ಎರಡು ನಿಮಿಷ ಇಟ್ಟು, ಐಸ್ ನೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ ಗಟ್ಟಿಯಾದ ಮೇಲೆ ಕವರಿಗೆ ತುಂಬಿ ತಾರೀಖು ಬರೆಯುತ್ತೇನೆ. ಬರುವ ಹಾಸನಾಂಬೆಗೆ ಅದೇ ಸಾರು. ಅಮ್ಮ ಈ ಸಲ ಕುರ್ಚಿಯಲ್ಲಿ ಕೂತು ಹದ ಹೇಳಿದರೆ ಸಾಕು, ಬೆರಳು ಹಾಕುವುದು ಬೇಡ ಅಂತ ಮೊದಲೇ ಹೇಳಿಬಿಟ್ಟಿದ್ದೇನೆ. ನನ್ನ ಗಂಡ, ಮಗ ಇಬ್ಬರೂ ಸುಲಿಯಲು ಒಪ್ಪಿದ್ದಾರೆ. ಮೊನ್ನೆ ಚಿಕ್ಕಪ್ಪನಿಗೂ ಫೋನ್ ಮಾಡಿದೆ. ಸೊಗಡಿನ ಸಾರಿಗೆ ಜನವರಿಯಲ್ಲಿ ಬನ್ನಿ ಚಿಕ್ಕಪ್ಪ, ಹಿಂದಿನ ದಿನವೇ ಬನ್ನಿ, ನಮ್ಮ ಜೊತೆ ಸುಲಿಯೋಕೆ ಕೂರಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಿತುಕೋದು ಹೇಗೆ ಅಂತ ನೀನೇ ತೋರಿಸಿಕೊಡಬೇಕು, ನನಗೆ ಬರಲ್ಲ’ ಅಂದರು. ಬರುತ್ತಾರಂತೆ.